ನೀರು ಹಾಕುವ ಕೆಲಸ ಬಿಟ್ಟುಕೊಡಬೇಡಿ

ಓದುಗರ ಪತ್ರ:

‘ಮಾನ್ಯ ಸಂಪಾದಕರಿಗೆ ನಮಸ್ಕಾರ. ನನಗೆ ಅರವತ್ತೆಂಟು ವರ್ಷ. ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಸಂಸಾರ ಮಾಡಿದವಳು. ಯಜಮಾನರು ತೀರಿಕೊಂಡ ಮೇಲೆ ಚಿತ್ರದುರ್ಗದಲ್ಲಿರುವ ಮಗನ ಮನೆಗೆ ಬಂದೆ. ಮಗ, ಸೊಸೆ ಇಬ್ಬರೂ ಒಳ್ಳೆಯವರು, ಯಾವುದಕ್ಕೂ ಕಡಿಮೆ ಮಾಡಿಲ್ಲ. ಹೊತ್ತು ಹೋಗದೆ ತಾರಸಿಯ ಮೇಲೆ ಕುಂಡಗಳಲ್ಲಿ ಸೊಪ್ಪು, ಮೆಣಸಿನ ಗಿಡ, ಹೀರೆ ಬಳ್ಳಿ, ದಾಸವಾಳ, ದೊಡ್ಡಪತ್ರೆ ಬೆಳೆಸಿಕೊಂಡಿದ್ದೇನೆ. ಗೊಬ್ಬರಕ್ಕೆ ವಾರಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿ ಹಾಕುತ್ತೇನೆ. ಈಗ ಮಗ, “ಹತ್ತು ರೂಪಾಯಿಗೆ ಸೊಪ್ಪಿನ ಕಟ್ಟು ಬಾಗಿಲಿಗೇ ಬರುತ್ತದೆ. ಮೊಣಕಾಲು ನೋವಿಟ್ಟುಕೊಂಡು ಮಹಡಿ ಏಕೆ ಹತ್ತುತ್ತೀಯಮ್ಮಾ, ಬೇಕಾದರೆ ಒಬ್ಬ ಆಳನ್ನು ಇಟ್ಟು ನೀರು ಹಾಕಿಸುತ್ತೇನೆ” ಎನ್ನುತ್ತಾನೆ. ಸೊಸೆಗೆ ತಾರಸಿ ಸೋರೀತೆಂಬ ಭಯ. ಪಕ್ಕದ ಮನೆಯವರು, “ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಇದೊಂದು ಬೇರೆ” ಎಂದರು. ಆ ಮಾತು ಚುಚ್ಚಿತು. ಈ ವಯಸ್ಸಿನಲ್ಲಿ ನನಗಿದು ಬೇಕೇ? ಇದು ಸ್ವಾರ್ಥವೇ? ಇನ್ನೊಂದು ವಿಷಯ, ಹೀರೆ ಬಳ್ಳಿ ತುಂಬ ಹೂ ಬಿಡುತ್ತದೆ, ಹೀಚು ಮಾತ್ರ ಹಳದಿಯಾಗಿ ಉದುರುತ್ತದೆ. ದಾಸವಾಳದ ಎಲೆಯೂ ಬಿಳಿಚಿಕೊಂಡಿದೆ. ಏನು ಮಾಡಲಿ?’

– ಹೆಸರು ಬೇಡವೆಂದು ಕೋರಿರುವ ಓದುಗರು, ಚಿತ್ರದುರ್ಗ

ಸಂಪಾದಕರ ಉತ್ತರ:

ಅಮ್ಮಾ, ನಮಸ್ಕಾರ.

ಈ ಪುಟದಲ್ಲಿ ಸಾಮಾನ್ಯವಾಗಿ ನಾಲ್ಕೈದು ಪತ್ರಗಳಿಗೆ ಉತ್ತರ ಬರೆಯುತ್ತೇನೆ. ಈ ಸಲ ಇಡೀ ಪುಟ ನಿಮಗೇ. ‘ಸ್ವಾರ್ಥವೇ’ ಎಂಬ ನಿಮ್ಮ ಪ್ರಶ್ನೆಗೆ ಸಮಾಧಾನವಾಗಿ ಉತ್ತರಿಸಬೇಕು. ಆದರೆ ಹೀರೆ ಬಳ್ಳಿ ನನ್ನ ಸಮಾಧಾನಕ್ಕಾಗಿ ಕಾಯುವುದಿಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹೀರೆಯಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಹೂವುಗಳು ಗೊಂಚಲಾಗಿ ಬರುತ್ತವೆ. ಹೆಣ್ಣು ಹೂವು ಒಂಟಿಯಾಗಿ, ತನ್ನ ಬೆನ್ನಿಗೆ ಆಗಲೇ ಗೀರು ಮೂಡಿದ ಪುಟ್ಟ ಹೀಚನ್ನು ಇಟ್ಟುಕೊಂಡೇ ಬರುತ್ತದೆ. ಗಂಡು ಹೂವಿನ ಪರಾಗ ಮುಟ್ಟದಿದ್ದರೆ ಆ ಹೀಚು ಎರಡು ಮೂರು ದಿನಕ್ಕೆ ಹಳದಿಯಾಗಿ ಕಳಚಿಕೊಳ್ಳುತ್ತದೆ. ನಿಮ್ಮ ತಾರಸಿಯಲ್ಲಿ ಆಗುತ್ತಿರುವುದು ಬಹುಪಾಲು ಇದೇ. ಕುಂಬಳದ ಹೂವು ನಸುಕಿನಲ್ಲಿ ಅರಳುತ್ತದೆ, ಹೀರೆಯದು ಅರಳುವುದು ಇಳಿಹೊತ್ತಿನಲ್ಲಿ. ಬೆಳಿಗ್ಗೆ ನೀರು ಹಾಕಲು ಹೋದವರಿಗೆ ಕಾಣುವುದು ಬಾಡಲು ಶುರುವಾದ ಹೂವು. ಹಳ್ಳಿಯ ಹಿತ್ತಲಿನಲ್ಲಿ ಸಂಜೆಯ ಪತಂಗಗಳೂ ಜೇನುಹುಳುಗಳೂ ಈ ಕೆಲಸವನ್ನು ನಿಮಗೆ ಗೊತ್ತಿಲ್ಲದೆಯೇ ಮಾಡಿ ಹೋಗುತ್ತಿದ್ದವು. ಸುತ್ತಲೂ ಸಿಮೆಂಟೇ ಇರುವ ಬಡಾವಣೆಯ ಮಹಡಿಗೆ ಅವು ಹುಡುಕಿಕೊಂಡು ಬರುವುದು ಕಡಿಮೆ.

ಆದ್ದರಿಂದ ಸಂಜೆ ಆರರ ಸುಮಾರಿಗೆ ಹೋಗಿ. ಆಗತಾನೆ ಬಿರಿದ ಗಂಡು ಹೂವೊಂದನ್ನು ತೊಟ್ಟಿನ ಸಮೇತ ಚಿವುಟಿಕೊಳ್ಳಿ. ದಳಗಳನ್ನು ಹಿಂದಕ್ಕೆ ಮಡಚಿದರೆ ನಡುವೆ ಹಳದಿ ಪುಡಿ ಕಾಣುತ್ತದೆ, ಬೆರಳಿಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ಹೆಣ್ಣು ಹೂವಿನ ನಡುವೆ ಮೂರು ಕವಲಾಗಿ, ಸ್ವಲ್ಪ ಜಿಗುಟಾಗಿರುವ ತುದಿ ಇದೆ. ಆ ಮೂರೂ ಕವಲಿಗೆ ಈ ಪುಡಿಯನ್ನು ಮೆಲ್ಲಗೆ ಸವರಿ. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಸವರಬಹುದು. ಕಟ್ಟಿದ ಹೀಚು ಹಸಿರಾಗಿಯೇ ಉಳಿದು, ಭಾರಕ್ಕೆ ಕೆಳಮುಖವಾಗಿ ತಿರುಗಿ, ದಿನದಿನಕ್ಕೂ ಉದ್ದವಾಗುವುದನ್ನು ನೀವೇ ನೋಡುತ್ತೀರಿ.

ಇದರ ಜತೆಗೆ ಶೇಂಗಾ ಹಿಂಡಿಯನ್ನು ಸ್ವಲ್ಪ ದಿನ ನಿಲ್ಲಿಸಿ. ಎಣ್ಣೆ ಗಿರಣಿಗಳ ಚಳ್ಳಕೆರೆಯ ಕಡೆಯವರಿಗೆ ಹಿಂಡಿಯ ಗುಣವನ್ನು ನಾನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಸಾರಜನಕ ಹೆಚ್ಚು. ಸೊಪ್ಪಿಗೆ ಅದು ಒಳ್ಳೆಯದು, ಕಾಯಿ ಕಟ್ಟಬೇಕಾದ ಬಳ್ಳಿಗೆ ಹೆಚ್ಚಾದರೆ ಎಲೆಯೂ ಗಂಡು ಹೂವೂ ಹೆಚ್ಚಾಗುತ್ತವೆ. ಈಗಿನ ಬಿಸಿಲೂ ಗಂಡು ಹೂವನ್ನೇ ಹೆಚ್ಚಿಸುತ್ತದೆ. ತಿಂಗಳಿಗೊಮ್ಮೆ ಎರಡು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಉದುರಿದ ಹೀಚಿನ ಮೇಲೆ ಸೂಜಿ ಚುಚ್ಚಿದ ಗುರುತು ಇದ್ದು ಅಲ್ಲಿಂದ ಅಂಟು ಜಿನುಗಿದ್ದರೆ ಮಾತ್ರ ಕಾರಣ ಬೇರೆ, ಅದು ಹಣ್ಣು ನೊಣದ ಕೆಲಸ. ಅಂಥ ಹೀಚುಗಳನ್ನು ಕುಂಡದ ಬುಡಕ್ಕೆ ಹಾಕಬೇಡಿ, ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ಉಳಿದ ಹೀಚುಗಳಿಗೆ ಹಳೆಯ ಪತ್ರಿಕೆಯ ಹಾಳೆ ಸುತ್ತಿ.

ದಾಸವಾಳದ್ದು ನಮ್ಮ ಊರುಗಳ ನೀರಿನ ಕಥೆ. ತುದಿಯ ಎಳೆಯ ಎಲೆಗಳನ್ನು ಗಮನಿಸಿ. ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲವೆಂದು ಅರ್ಥ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಗಡಸು ನೀರಿನ ಸುಣ್ಣದ ಅಂಶ ಕುಂಡದಲ್ಲಿ ಸೇರಿ ಸೇರಿ ಮಣ್ಣು ಕ್ಷಾರವಾದಾಗ ಬೇರಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ನಿಮ್ಮ ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದೆಯೇ ನೋಡಿ, ಕೊಳವೆಬಾವಿಯ ನೀರಾದರೆ ಖಂಡಿತ ಕಟ್ಟಿರುತ್ತದೆ. ಮೇಲಿನ ಎರಡು ಅಂಗುಲ ಮಣ್ಣನ್ನು ತೆಗೆದು ಕಳಿತ ಗೊಬ್ಬರ ತುಂಬಿ. ಬೂದಿ ಹಾಕುವ ರೂಢಿಯಿದ್ದರೆ ಈ ಗಿಡಕ್ಕೆ ಬೇಡ, ಅದೂ ಕ್ಷಾರವೇ. ಆದರೂ ಸುಧಾರಿಸದಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ, ಅಂದರೆ ಬೇರು ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ, ಸಿಗುತ್ತದೆ, ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಕೊಡಿ. ಮನೆಯಲ್ಲಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರವಿದ್ದರೆ ಅದು ಹೊರಬಿಡುವ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಿ. ಕುಂಡಕ್ಕೆ ಬೇಡ, ಬೇಡವಾದ ಲವಣಗಳೆಲ್ಲ ಅದರಲ್ಲಿಯೇ ಇರುತ್ತವೆ.

ಇನ್ನು ಪಕ್ಕದ ಮನೆಯವರ ಮಾತು. ಅದು ನಿಮ್ಮನ್ನು ಚುಚ್ಚಿದ್ದು ಸಹಜ. ಆದರೆ ಆ ಮಾತಿನ ಹಿಂದೆ ಈ ಜಿಲ್ಲೆಯ ಅನುಭವವಿದೆ, ತಳ್ಳಿಹಾಕಲಾರೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಆ ಅವಧಿಯಲ್ಲಿ ಹುಟ್ಟಿ ಬೆಳೆದವರು ಕೊಡದ ಲೆಕ್ಕದಲ್ಲಿ ನೀರು ಬಳಸಿದವರು. ಅಂಥವರಿಗೆ ನಲ್ಲಿಗೆ ಪೈಪು ಹಚ್ಚಿ ಗಿಡಕ್ಕೆ ನೀರು ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಉರಿಯಬೇಕು ಕೂಡ. ಕುಡಿಯುವ ನೀರನ್ನು ಪೈಪಿನಲ್ಲಿ ಹರಿಸಿ ಮಾಡುವ ಕೈತೋಟವನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ನಿಮ್ಮದು ಹಾಗಿರಬೇಕಾಗಿಲ್ಲ. ನಿಮ್ಮ ಹಳ್ಳಿಯ ಮನೆಯನ್ನೇ ನೆನೆಯಿರಿ. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಬಸಳೆಗೆ ಹೋಗುತ್ತಿತ್ತಲ್ಲವೇ? ಬಾಳೆಯ ಬುಡಕ್ಕೆಂದು ಬೇರೆ ನೀರು ಸೇದಿದವರನ್ನು ನಾನಂತೂ ನೋಡಿಲ್ಲ. ಪಟ್ಟಣದ ಮನೆಯಲ್ಲಿ ಆ ದಾರಿ ಚರಂಡಿಯ ಕಡೆಗೆ ತಿರುಗಿದೆ. ಅದನ್ನು ಮತ್ತೆ ಗಿಡದ ಕಡೆ ತಿರುಗಿಸುವುದಷ್ಟೇ ಕೆಲಸ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅಡುಗೆಮನೆಯಲ್ಲಿ ಒಂದು ಬಕೆಟ್‌ನಲ್ಲಿ ಸೇರಿಸಿ. ಐದಾರು ಜನರ ಮನೆಯಲ್ಲಿ ದಿನಕ್ಕೊಂದು ಬಕೆಟ್ ಸಿಗುವುದು ಕಷ್ಟವಲ್ಲ. ಸೋಪಿನ ಪುಡಿ ಬೆರೆತ ನೀರು ಸೊಪ್ಪು, ತರಕಾರಿಗೆ ಬೇಡ.

ಸಿಕ್ಕ ನೀರು ಆರಿ ಹೋಗದಂತೆ ನೋಡಿಕೊಳ್ಳುವುದು ಉಳಿದರ್ಧ. ಕುಂಡದ ಮಣ್ಣಿನ ಮೇಲೆ ಶೇಂಗಾ ಹೊಟ್ಟು ಅಥವಾ ಒಣಗಿದ ಎಲೆಯನ್ನು ಎರಡು ಅಂಗುಲ ಹೊದಿಸಿ. ಏಪ್ರಿಲ್ ಬಿಸಿಲಿನಲ್ಲಿ ಇದು ಮಾಡುವ ವ್ಯತ್ಯಾಸವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಬೆರಳು ಹಾಕಿ ನೋಡುವುದೇ ಮೇಲು. ಹೊದಿಸದ ಕುಂಡದಲ್ಲಿ ಮಧ್ಯಾಹ್ನದ ಹೊತ್ತಿಗೆ ಒಂದು ಅಂಗುಲ ಆಳದವರೆಗೂ ಮಣ್ಣು ಬಿಸಿಯಾಗಿ ಪುಡಿಪುಡಿಯಾಗಿರುತ್ತದೆ. ಹೊದಿಸಿದ್ದರಲ್ಲಿ ಹೊಟ್ಟಿನ ಕೆಳಗೇ ತೇವ ತಾಗುತ್ತದೆ. ಹೀರೆಯಂಥ ದೊಡ್ಡ ಕುಂಡಕ್ಕೆ ಇನ್ನೊಂದು ಉಪಾಯವಿದೆ. ಸುಟ್ಟ ಮಣ್ಣಿನ ಸಣ್ಣ ಕುಡಿಕೆಯನ್ನು ಕತ್ತಿನವರೆಗೆ ಹೂತು, ಅದರಲ್ಲಿ ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿ. ಕುಡಿಕೆಯ ಮೈಯಿಂದ ನೀರು ಜಿನುಗಿ ಸೀದಾ ಬೇರಿಗೆ ಹೋಗುತ್ತದೆ. ಬಣ್ಣ ಬಳಿದ ಕುಡಿಕೆ ಆಗದು, ಅದು ಜಿನುಗುವುದಿಲ್ಲ.

ಮಳೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಪಕ್ಕದ ಮನೆಯವರಿಗೆ ಹೇಳಲು ನಿಮಗೆ ಬೇಕಾದೀತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಚದರ ಅಡಿಯ ತಾರಸಿ ಎಂದರೆ ಸುಮಾರು 56 ಚದರ ಮೀಟರ್. 20 ಮಿಲಿಮೀಟರಿನ ಒಂದು ಮಳೆ ಬಂದರೆ ಅಲ್ಲಿ ಬೀಳುವುದು ಸಾವಿರದ ನೂರು ಲೀಟರಿಗೂ ಹೆಚ್ಚು. ನಮ್ಮ ಕಡೆ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಳೆಯಾಗುತ್ತದೆ ಎಂದಿಟ್ಟುಕೊಂಡರೆ, ನಿಮ್ಮ ಮನೆಯ ನೆತ್ತಿಯ ಮೇಲೆಯೇ ಮೂವತ್ತು ಸಾವಿರ ಲೀಟರಿನಷ್ಟು ನೀರು ಬಿದ್ದು ಚರಂಡಿ ಸೇರುತ್ತಿದೆ. ಇದನ್ನು ಚಿತ್ರದುರ್ಗದವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಬರುವಂತೆ ಬಂಡೆಗಳ ನಡುವೆ ದಾರಿ ಮಾಡಿದವರು ಇದೇ ಊರಿನವರು. ಬಂಡೆಯ ಮೇಲೆ ಬಿದ್ದ ನೀರನ್ನು ಹೀಗೆ ಹಿಡಿದಿಟ್ಟ ಊರಿನಲ್ಲಿ ತಾರಸಿಯ ಮೇಲೆ ಬಿದ್ದ ನೀರನ್ನು ಹಾಗೆಯೇ ಬಿಟ್ಟುಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಮಳೆನೀರು ಮೆದುವಾದ ನೀರು, ಕುಂಡದಲ್ಲಿ ಕೂತ ಲವಣವನ್ನೂ ತೊಳೆದು ಹೊರಹಾಕುತ್ತದೆ. ನಿಮ್ಮ ದಾಸವಾಳಕ್ಕೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದು. ಅವರು ಗಿಡ ಕಿತ್ತುಹಾಕಿ ಎಂದಿಲ್ಲ. ಆಳಿನ ಕೈಯಲ್ಲಿ ನೀರು ಹಾಕಿಸುತ್ತೇನೆ ಎಂದಿದ್ದಾರೆ. ತಾಯಿಯ ಮೊಣಕಾಲಿನ ಮೇಲಿನ ಮರುಕದಿಂದ ಬಂದ ಮಾತು, ತಪ್ಪು ತಿಳಿಯಬೇಡಿ. ಆದರೂ ನಾನು ಬೇಡವೆನ್ನುತ್ತೇನೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧರ ಆರೈಕೆಗೃಹದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗವೊಂದು 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯ ವೃದ್ಧರಿಗೆ, ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವ ರಾತ್ರಿ ನೋಡಬೇಕು ಎಂಬುದನ್ನು ನೀವೇ ತೀರ್ಮಾನಿಸಿ ಎಂದು ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕಲು ದಾದಿಯರಿದ್ದಾರೆ, ನಿಮಗೆ ಯಾವ ತೊಂದರೆಯೂ ಬೇಡ ಎಂದರು. ಕೆಲವು ವಾರಗಳ ನಂತರ ನೋಡಿದರೆ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದಿದ್ದರು, ಹೆಚ್ಚು ಓಡಾಡುತ್ತಿದ್ದರು, ಜನರೊಂದಿಗೆ ಹೆಚ್ಚು ಬೆರೆಯುತ್ತಿದ್ದರು. ಪ್ರಯೋಗ ಸಣ್ಣದು, ಗಿಡವೊಂದೇ ಕಾರಣವೆಂದೂ ಹೇಳಲಾಗದು. ಆದರೆ ಗಿಡ ಎರಡೂ ಮಹಡಿಯವರ ಕೋಣೆಯಲ್ಲಿತ್ತು ಎಂಬುದನ್ನು ಗಮನಿಸಿ. ನೀರು ಹಾಕುವ ಹೊಣೆ ಇದ್ದದ್ದು ಒಂದು ಮಹಡಿಯವರಿಗೆ ಮಾತ್ರ.

ಮಗ, ಸೊಸೆ ಯಾವುದಕ್ಕೂ ಕಡಿಮೆ ಮಾಡಿಲ್ಲ ಎಂದು ಬರೆದಿದ್ದೀರಿ. ಅಮ್ಮಾ, ಕಡಿಮೆಯಾದದ್ದು ಕೆಲಸ. ಹಳ್ಳಿಯಲ್ಲಿ ಬೆಳಗಾದರೆ ದನ ನಿಮ್ಮನ್ನು ಕಾಯುತ್ತಿತ್ತು, ಒಲೆ ಕಾಯುತ್ತಿತ್ತು, ಹೊಲಕ್ಕೆ ಹೋದವರು ಬುತ್ತಿಗಾಗಿ ದಾರಿ ನೋಡುತ್ತಿದ್ದರು. ಈಗಿನ ಮನೆಯಲ್ಲಿ ನಿಮ್ಮ ಕೈಗಾಗಿ ಕಾಯುವುದು ಮಹಡಿಯ ಮೇಲಿನ ಆ ಕುಂಡಗಳು. ಒಂದು ದಿನ ನೀವು ಹೋಗದಿದ್ದರೆ ಮೆಣಸಿನ ಗಿಡದ ಎಲೆ ಜೋತುಬೀಳುತ್ತದೆ, ಹೋಗಿ ನೀರು ಹಾಕಿದರೆ ಗಂಟೆ ಎರಡು ಗಂಟೆಯಲ್ಲಿ ನೆಟ್ಟಗಾಗುತ್ತದೆ. ಅಷ್ಟು ನೇರವಾಗಿ ಉತ್ತರ ಕೊಡುವ ಕೆಲಸ ಈ ವಯಸ್ಸಿನಲ್ಲಿ ಬೇರೆ ಯಾವುದಿದೆ? ಅದನ್ನು ಆಳಿಗೆ ಒಪ್ಪಿಸಿ ಹಸಿರನ್ನು ಮಾತ್ರ ನಿಮಗೆ ಉಳಿಸಿದರೆ ನಿಮಗೆ ಸಿಗುವುದು ಚೆಂದದ ನೋಟ, ಅಷ್ಟೇ.

ಯಜಮಾನರನ್ನು ಕಳೆದುಕೊಂಡ ದುಃಖವನ್ನು ಗಿಡಗಳು ಮರೆಸುತ್ತವೆ ಎಂದು ನಾನು ಹೇಳಲಾರೆ, ಮರೆಸಬೇಕಾಗಿಯೂ ಇಲ್ಲ. ಆದರೆ ದುಃಖದಲ್ಲಿರುವವರಿಗೆ ನಾಳೆ ಎಂಬುದು ಭಾರವಾಗಿರುತ್ತದೆ. ಮೆಂತ್ಯ ಚೆಲ್ಲಿದ ಕುಂಡ ಆ ನಾಳೆಗೆ ಒಂದು ಸಣ್ಣ ಕುತೂಹಲ ಸೇರಿಸುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮಣ್ಣಿನ ಹೆಪ್ಪು ಅಲ್ಲಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಬಾಗಿದ ಬಿಳಿಯ ದಂಟು ಕಾಣುತ್ತದೆ, ತಲೆ ಇನ್ನೂ ಒಳಗೇ. ಸಂಜೆಯ ಹೊತ್ತಿಗೆ ಅದು ತಲೆ ಎತ್ತಿರುತ್ತದೆ, ಎರಡೆಲೆಯ ತುದಿಯಲ್ಲಿ ಬೀಜದ ಸಿಪ್ಪೆ ಇನ್ನೂ ಕಚ್ಚಿಕೊಂಡೇ ಇರುತ್ತದೆ. ಬೆಳಿಗ್ಗೆ ನೋಡಿದವರು ಸಂಜೆ ಮತ್ತೆ ನೋಡದೆ ಇರಲಾರರು. ಹತ್ತು ರೂಪಾಯಿಯ ಕಟ್ಟಿನಲ್ಲಿ ಇದು ಬರುವುದಿಲ್ಲ. ಹಾಗೆಂದು ಸೊಪ್ಪು ಮಾರುವವರನ್ನು ಬಿಡಬೇಡಿ, ನಿಮ್ಮ ಕುಂಡದ ಸೊಪ್ಪು ಇಡೀ ಮನೆಗೆ ಸಾಲದು, ಅವರಿಗೂ ಜೀವನ ನಡೆಯಬೇಕು.

ಸ್ವಾರ್ಥವೇ ಎಂದು ಕೇಳಿದ್ದೀರಿ. ಮೊಮ್ಮಗುವಿಗೆ ನೆಗಡಿಯಾದಾಗ ಸೊಸೆ ಕಿತ್ತು ತರುವುದು ನಿಮ್ಮ ದೊಡ್ಡಪತ್ರೆಯನ್ನೇ ಇರಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅದು ಎಷ್ಟು ಮನೆಗಳಲ್ಲಿ ಸುಳ್ಳು ಮಾಡಿಲ್ಲ! ಹೀರೆ ಕಾಯಿ ಕಚ್ಚಿದ ಮೇಲೆ ಎರಡನ್ನು ಪಕ್ಕದ ಮನೆಗೂ ಕಳುಹಿಸಿ, ಸಾಧಿಸಿ ತೋರಿಸಲು ಅಲ್ಲ, ನೆರೆಯವರೆಂದು. ಸಿಪ್ಪೆಯಲ್ಲಿ ಚಟ್ನಿ ಆಗುತ್ತದೆ ಎಂಬುದನ್ನು ಅವರಿಗೆ ಹೇಳಬೇಕಾಗಿಲ್ಲ.

ಸೊಸೆಯ ಭಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಘನ ಅಡಿ ಒದ್ದೆ ಮಣ್ಣು 50 ಕಿಲೋದಷ್ಟು ತೂಗುತ್ತದೆ. ಬರೀ ಕೆಮ್ಮಣ್ಣು ತುಂಬಿದ ಕುಂಡಗಳನ್ನು ತಾರಸಿಯ ನಡುವೆ ಜೋಡಿಸುವುದು ಸರಿಯಲ್ಲ. ಕೆಮ್ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮನಾಗಿ ಬೆರೆಸಿದರೆ ಹಗುರವಾಗುತ್ತದೆ, ನೀರನ್ನೂ ಹಿಡಿದಿಡುತ್ತದೆ. ಭಾರದ ಕುಂಡಗಳು ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿರಲಿ. ಎಲ್ಲವನ್ನೂ ಇಟ್ಟಿಗೆಯ ಮೇಲೆ ಎತ್ತಿಡಿ, ತಳದಲ್ಲಿ ಗಾಳಿಯಾಡಿ ನೆಲ ಒಣಗಬೇಕು. ಮಳೆನೀರು ಇಳಿಯುವ ಕಿಂಡಿಗೆ ಎಲೆ ಕಟ್ಟಿಕೊಳ್ಳದಿರಲಿ. ತಾರಸಿ ಸೋರುವುದು ಹೆಚ್ಚಾಗಿ ನಿಂತ ನೀರಿನಿಂದ.

ಮೊಣಕಾಲಿನ ವಿಷಯದಲ್ಲಿ ನಾನು ನಿಮ್ಮ ಮಗನ ಪಕ್ಷ. ದಿನವೂ ಬೇಕಾಗುವ ದೊಡ್ಡಪತ್ರೆ, ಕೊತ್ತಂಬರಿ, ಮೆಂತ್ಯ, ಮೆಣಸಿನ ಗಿಡಗಳನ್ನು ಕೆಳಗೆ ಬಾಗಿಲ ಬಳಿ, ಅರ್ಧ ದಿನವಾದರೂ ಬಿಸಿಲು ಬೀಳುವ ಕಡೆ ಇಡಿಸಿ. ಸೊಂಟದೆತ್ತರದ ಕಟ್ಟೆಯಾದರೆ ಬಗ್ಗುವುದೂ ತಪ್ಪುತ್ತದೆ. ಮಹಡಿಯ ಮೇಲೆ ಬಳ್ಳಿಗಳೂ ದಾಸವಾಳವೂ ಇರಲಿ, ದಿನಕ್ಕೆ ಒಂದೇ ಸಲ ಹತ್ತಿದರೆ ಸಾಕು. ತುಂಬಿದ ಬಕೆಟ್ ಹಿಡಿದು ಮೆಟ್ಟಿಲು ಹತ್ತುವುದು ಇಂದಿನಿಂದಲೇ ನಿಲ್ಲಲಿ. ಹೀರೆ ಹೂವಿನ ಕೆಲಸ ಮುಸ್ಸಂಜೆಯದಾದ್ದರಿಂದ ಒಬ್ಬರೇ ಹೋಗಬೇಡಿ. ಕೆಲಸ ಮುಗಿಸಿ ಬಂದ ಮಗನನ್ನೋ ಮೊಮ್ಮಗುವನ್ನೋ ಕರೆದುಕೊಳ್ಳಿ. ಗಂಡು ಹೂವು ಯಾವುದು, ಹೆಣ್ಣು ಹೂವು ಯಾವುದು ಎಂದು ಅವರಿಗೆ ತೋರಿಸಿಕೊಡಿ.

ಕೊನೆಯ ಕೆಲವು ಮಾತು ನಿಮ್ಮ ಮಗನಿಗೆ, ಈ ಪುಟವನ್ನು ಅವರ ಕೈಗೆ ಕೊಡಿ. ಆಳಿಗೆ ಕೊಡುವ ಸಂಬಳವನ್ನು ಉಳಿಸಿ, ಆ ದುಡ್ಡಿನಲ್ಲಿ ಮೆಟ್ಟಿಲಿಗೆ ಗಟ್ಟಿಯಾದ ಹಿಡಿಕಂಬಿ ಹಾಕಿಸಿ. ತಾರಸಿಯ ಒಂದು ಮೂಲೆಗೆ ಅರ್ಧ ನೆರಳು ಕೊಡುವ ಹಸಿರು ಪರದೆ ಕಟ್ಟಿಸಿ. ಮಳೆನೀರು ಇಳಿಯುವ ಕೊಳವೆಯ ಕೆಳಗೆ ನಲ್ಲಿಯಿರುವ 200 ಲೀಟರಿನ ಡ್ರಮ್ ಒಂದನ್ನು ಕೂರಿಸಿ. ಬಾಗಿಲ ಬಳಿಯ ಕುಂಡಗಳಿಗೆ ಅಮ್ಮ ಅಲ್ಲಿಂದಲೇ ನೀರು ಹಿಡಿದುಕೊಳ್ಳಲಿ, ಮಹಡಿಯ ಕುಂಡಗಳಿಗೆ ಬೇಕಾದಷ್ಟನ್ನು ನೀವು ಬೆಳಿಗ್ಗೆ ಹೊರಡುವ ಮುನ್ನ ಮೇಲಿಟ್ಟು ಹೋಗಿ. ಇದೆಲ್ಲ ಏಪ್ರಿಲ್ ಕೊನೆಯ ವಾರದೊಳಗೆ ಆಗಬೇಕು. ಆಮೇಲೆ ಭರಣಿ ಮಳೆ ಶುರು, ಅದರ ಮಹಿಮೆಯನ್ನು ಅಮ್ಮನೇ ಹೇಳುತ್ತಾರೆ. ಮೊದಲ ಮಳೆಯ ನೀರು ತಾರಸಿಯ ದೂಳನ್ನೆಲ್ಲ ಹೊತ್ತು ತರುತ್ತದೆ, ಅದನ್ನು ಹರಿಯಬಿಟ್ಟು ಎರಡನೆಯ ಮಳೆಯಿಂದ ಹಿಡಿಯಿರಿ. ಡ್ರಮ್ಮಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿಯಾಗಿ ಕಟ್ಟಿರಲಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲಿಯೇ.

– ಸಂಪಾದಕ